ದೊಡ್ಡ ಗಾಡಿಯ ಬೆಲೆ ಇಳಿದ ವರ್ಷ

ನಮ್ಮ ಮನೆಯವರು ಅದನ್ನು ಇಂದಿಗೂ ‘ಯುದ್ಧದ ವರ್ಷ’ ಎನ್ನುತ್ತಾರೆ. ಯಾವ ಯುದ್ಧವೆಂದು ಕೇಳಿದರೆ ಪಾಕಿಸ್ತಾನದ್ದು ಎಂಬ ಉತ್ತರ ಬರುತ್ತದೆ. ಅದು ಸರಿಯಲ್ಲ. ಪಾಕಿಸ್ತಾನದೊಡನೆ ಯುದ್ಧ ನಡೆದದ್ದು ೧೯೭೧ರ ಡಿಸೆಂಬರಿನಲ್ಲಿ. ನಮ್ಮ ಕಾಕಾನ ಮೋಟಾರು ಮಾರಾಟಕ್ಕೆ ನಿಂತದ್ದು ಅದಾಗಿ ಎರಡು ವರ್ಷಕ್ಕೆ, ೧೯೭೩ರಲ್ಲಿ. ಆ ಮಾರಾಟವನ್ನು ಕೆಡಿಸಿದ ಯುದ್ಧ ನಮ್ಮ ಗಡಿಯಲ್ಲಿ ನಡೆದದ್ದೇ ಅಲ್ಲ. ಅರಬ್ಬರಿಗೂ ಇಸ್ರೇಲಿಗೂ ನಡೆದದ್ದು. ಅದು ಅಕ್ಟೋಬರ್ ಆರರಂದು ಆರಂಭವಾಯಿತು. ಆ ವರ್ಷದ ಪಂಚಾಂಗವನ್ನು ಹುಡುಕಿ ತೆಗೆಸಿ ನೋಡಿದಾಗ ವಿಜಯದಶಮಿಯೂ ಅದೇ ಹೊತ್ತಿಗೆ ಬರುವುದು ಕಂಡಿತು. ಅದೇ ದಿನವೋ ಹಿಂದಿನ ದಿನವೋ ಎಂಬಲ್ಲಿ ತಿಥಿಯ ಗಳಿಗೆಗಳ ತಕರಾರಿದೆ. ಆ ತಕರಾರನ್ನು ನಾನು ಇತ್ಯರ್ಥ ಮಾಡಲಾರೆ. ಜಮಖಂಡಿಯ ನಮ್ಮ ಓಣಿಯಲ್ಲಿ ಒಬ್ಬರ ಕೈಯಲ್ಲೊಬ್ಬರು ಬನ್ನಿಯ ಎಲೆಯಿಟ್ಟು ಬಂಗಾರವೆಂದು ಹೇಳುತ್ತಿದ್ದ ಸಂಜೆಗಳಲ್ಲಿ ಆ ಯುದ್ಧದ ಸುದ್ದಿ ಯಾರ ಬಾಯಲ್ಲೂ ಇರಲಿಲ್ಲ ಎಂಬುದಷ್ಟೇ ನನಗೆ ಖಚಿತವಾಗಿ ನೆನಪಿದೆ.

ಇಸವಿಯನ್ನು ತಿದ್ದಿದ ಮಾತ್ರಕ್ಕೆ ನಡೆದದ್ದು ಹಗುರಾಗುವುದಿಲ್ಲ. ಆದರೂ ತಿದ್ದಬೇಕಾಗಿದೆ. ಏಕೆಂದರೆ ಮನೆಯವರು ಇಸವಿಯೊಂದಿಗೆ ಕಾರಣವನ್ನೂ ತಪ್ಪಾಗಿಯೇ ಹೇಳುತ್ತ ಬಂದಿದ್ದಾರೆ.

ಮೊದಲು ಗಾಡಿಯ ವಿಷಯ. ಅದು ಅಮೆರಿಕದಲ್ಲಿ ತಯಾರಾದ, ಎಂಟು ಸಿಲಿಂಡರುಗಳ, ಪೆಟ್ರೋಲಿನಿಂದ ಓಡುವ ಭಾರೀ ಮೋಟಾರು. ಸಂಸ್ಥಾನಗಳು ಇನ್ನೂ ಇದ್ದ ಕಾಲದಲ್ಲಿ ಸಾಂಗಲಿ ಕಡೆಯ ಒಂದು ಶ್ರೀಮಂತ ಮನೆತನ ತರಿಸಿಕೊಂಡಿದ್ದಂತೆ. ಸಂಸ್ಥಾನಗಳು ಹೋಗಿ, ನಮ್ಮ ಭಾಗ ಮೊದಲು ಮುಂಬಯಿಗೂ ೧೯೫೬ರಲ್ಲಿ ಮೈಸೂರಿಗೂ ಸೇರಿ, ಆ ಮನೆತನದ ಲಾಯಗಳೂ ಗ್ಯಾರೇಜುಗಳೂ ಖಾಲಿಯಾಗುತ್ತ ಬಂದ ದಿನಗಳಲ್ಲಿ ಅದು ಕಾಕಾನ ಕೈಗೆ ಬಂದಿತು. ಒಳಗೆ ಮೂರು ಸಾಲು ಆಸನ. ಬಾಗಿಲು ಹಾಕಿದರೆ ಕಾಳು ತುಂಬಿಡುವ ನೆಲದ ಹಗೇವಿನ ಬಾಯಿ ಮುಚ್ಚಿದಂಥ ಸಪ್ಪಳ. ಜನ ಅದನ್ನು ಮೋಟಾರು ಎನ್ನುತ್ತಿರಲಿಲ್ಲ, ಟ್ಯಾಕ್ಸಿ ಎಂದೂ ಅನ್ನುತ್ತಿರಲಿಲ್ಲ. ಜಮಖಂಡಿಯಿಂದ ಬೀಳಗಿಯವರೆಗೆ ಅದು ‘ದೊಡ್ಡ ಗಾಡಿ’ ಎಂದೇ ಗುರುತಾಗಿತ್ತು.

ಅದನ್ನು ಕೊಳ್ಳಲು ಕಾಕಾ ತನ್ನ ಪಾಲಿನ ಹೊಲ ಕೊಟ್ಟಿದ್ದ. ಈ ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮದು ತಲೆಮಾರುಗಳಿಂದ ಅಲ್ಲಿಯೇ ನೆಲೆಸಿದ ಮನೆತನ. ಅಜ್ಜನ ಕಾಲಕ್ಕೆ ಒಬ್ಬೊಬ್ಬರಾಗಿ ಸಂಬಳದ ಕೆಲಸ ಹಿಡಿದಿದ್ದರು. ನನ್ನ ಅಪ್ಪ ತಾಲೂಕು ಕಚೇರಿಯಲ್ಲಿದ್ದ. ನಾನು ಧಾರವಾಡದಲ್ಲಿ ಸಂಶೋಧನೆಯ ಕೆಲಸಕ್ಕೆ ಸೇರಿದ್ದೆ. ಅಪ್ಪನ ಕಿರಿಯ ತಮ್ಮನಾದ ಕಾಕಾ ಮಾತ್ರ ಯಾರ ಕೈಕೆಳಗೂ ದುಡಿಯದೆ ಉಳಿದವನು. ‘ಒಂದ ನೌಕರಿ ನೋಡ್ಕೊಳೋ’ ಎಂದು ಅಪ್ಪ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. ‘ನೌಕರಿ ನೀ ಮಾಡಾಕತ್ತೀಯಲ್ಲ ಅಣ್ಣಾ, ಇಬ್ಬರದೂ ಸೇರಿ ನೀನ ಮಾಡು’ ಎಂದು ಕಾಕಾ ನಗುತ್ತಿದ್ದ.

ಅರವತ್ತರ ದಶಕದಲ್ಲಿ ಗಾಡಿಯ ದೊಡ್ಡತನವೇ ಅದರ ಬೆಲೆಯಾಗಿತ್ತು. ರಬಕವಿ–ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮದುವೆ ಗೊತ್ತಾದರೆ, ದಿನಾಂಕ ಹಿಡಿಯುವ ಮೊದಲು ದೊಡ್ಡ ಗಾಡಿ ಆ ದಿನ ಬಿಡುವಾಗಿದೆಯೇ ಎಂದು ಕೇಳಲು ಬರುತ್ತಿದ್ದರು. ಮೀರಜಿನ ಆಸ್ಪತ್ರೆಗೆ ರೋಗಿಯನ್ನು ಒಯ್ಯಬೇಕಾದರೆ ಹಿಂದಿನ ಆಸನದಲ್ಲಿ ಉದ್ದಕ್ಕೆ ಮಲಗಿಸಿ ಮುಂದಿನ ಎರಡು ಸಾಲುಗಳಲ್ಲಿ ಮನೆಮಂದಿಯೆಲ್ಲ ಕೂಡಬಹುದಿತ್ತು. ತುಬಚಿ ಕಡೆಯ ಒಂದು ಕುರಿಗಾರರ ಮನೆತನ, ಬೀರೇಶ್ವರನ ಒಕ್ಕಲು, ವರ್ಷಕ್ಕೊಮ್ಮೆ ದೇವರಿಗೆ ಹೋಗುವಾಗ ಹನ್ನೆರಡು ಜನ, ಎರಡು ಡೊಳ್ಳು, ಒಂದು ಮರಿ ಇಷ್ಟನ್ನೂ ಅದರಲ್ಲಿ ತುಂಬಿಸುತ್ತಿತ್ತು. ಪೆಟ್ರೋಲು ಬಹಳ ಕುಡಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅದು ಹಿರಿಮೆಯ ಮಾತಾಗಿತ್ತು. ಉಂಡು ಗಟ್ಟಿಯಾಗಿರುವ ಮನುಷ್ಯನ ಬಗ್ಗೆ ಹೇಳುವಂತೆ ಹೇಳುತ್ತಿದ್ದರು.

೧೯೭೩ರ ಮಳೆಗಾಲದಲ್ಲಿ ಕಾಕಾ ಅದನ್ನು ಮಾರಲು ನಿರ್ಧರಿಸಿದ. ಒತ್ತಾಯವೇನೂ ಇರಲಿಲ್ಲ. ಬನಹಟ್ಟಿಯಲ್ಲಿದ್ದ ಅವನ ಗೆಳೆಯನೊಬ್ಬ, ಅವನೂ ಚಾಲಕನೇ, ಸಾಂಗಲಿಯಲ್ಲಿ ಒಂದು ಡೀಸೆಲ್ ಲಾರಿ ನೋಡಿ ಬಂದಿದ್ದ. ಅರ್ಧ ಅವನದು, ಅರ್ಧ ಕಾಕಾನದು; ಕಬ್ಬಿನ ಗಾಣಗಳು ಆರಂಭವಾದ ಮೇಲೆ ಮಹಾಲಿಂಗಪುರದ ಪೇಟೆಯಿಂದ ಬೆಲ್ಲ ಹೇರಿದರೆ ಹಂಗಾಮು ಪೂರ್ತಿ ದುಡಿಮೆ. ಮದುವೆಯ ಬಾಡಿಗೆಗಳು ಕಡಿಮೆಯಾಗುತ್ತಿವೆ, ಬಸ್ಸುಗಳು ಹೆಚ್ಚುತ್ತಿವೆ ಎಂಬುದನ್ನು ಕಾಕಾ ಸರಿಯಾಗಿಯೇ ಗ್ರಹಿಸಿದ್ದ. ದೊಡ್ಡ ಗಾಡಿಯ ಬೆಲೆಯಿಂದ ಲಾರಿಯ ಅರ್ಧ ಪಾಲು ಬರುತ್ತಿತ್ತು. ಬಂದರೆ ಅವನು ಮಾಲಕನಾಗಿ ಉಳಿಯುತ್ತಿದ್ದ. ಬಾರದಿದ್ದರೆ ಬೇರೆಯವರ ಗಾಡಿಯ ಚಾಲಕ. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಇದನ್ನು ಬಹಳ ಸರಳವಾಗಿ ಹೇಳಿದ್ದಳು: ‘ಹೊಲಾ ಹೋತು, ಗಾಡಿ ಬಂತು. ಗಾಡಿ ಹೋದ್ರ ಏನರ ಬರಬೇಕಲ್ಲ.’

ಕೊಳ್ಳಲು ಮುಂದೆ ಬಂದವರು ಮಹಾಲಿಂಗಪುರದ ಬೆಲ್ಲದ ಸಾಹುಕಾರರು. ದೊಡ್ಡ ಕುಟುಂಬ, ಸಾಂಗಲಿ ಪೇಟೆಗೆ ಓಡಾಟ. ಗಣಪತಿಯನ್ನು ಕಳಿಸಿದ ಮೇಲೆ, ಪಿತೃಪಕ್ಷ ಹಿಡಿಯುವ ಮೊದಲು ಅವರು ನಮ್ಮ ಮನೆಗೆ ಬಂದರು. ಮೋಟಾರಿಗೆ ನಮ್ಮಲ್ಲಿ ದಲ್ಲಾಳಿಗಳಿರಲಿಲ್ಲ. ಆದ್ದರಿಂದ ಕಾಕಾ ಮುಧೋಳದ ದನದ ಸಂತೆಯಲ್ಲಿ ಎತ್ತಿನ ವ್ಯಾಪಾರ ಕೂಡಿಸುವ ದಲ್ಲಾಳಿಯನ್ನೇ ಕರೆಸಿದ್ದ. ಅದರಲ್ಲಿ ವಿಚಿತ್ರವೆಂದು ಯಾರಿಗೂ ಅನ್ನಿಸಲಿಲ್ಲ. ಬೆಲೆ ಬಾಳುವ, ತಾನೇ ನಡೆಯುವ, ದಿನಾ ಮೇಯುವ ವಸ್ತುವನ್ನು ಕೊಟ್ಟು ಕೊಳ್ಳುವ ಕ್ರಮ ನಮ್ಮ ಜನಕ್ಕೆ ಗೊತ್ತಿದ್ದದ್ದು ಅದೊಂದೇ.

ದಲ್ಲಾಳಿ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಮುಂಭಾಗದ ಲೋಹದ ಜಾಲರಿಯ ಮೇಲೆ ಕೈಯಾಡಿಸಿದ. ‘ಸಾಹುಕಾರ್ರ, ಎಂಟ ಸಿಲಿಂಡರ ಅಂದ್ರ ಎಂಟೂ ಹಲ್ಲ, ಬಾಯಿಗೂಡಿದ್ದೈತಿ. ಹಲ್ಲ ನೋಡ್ತೀರೇನು?’

‘ಹಲ್ಲ ಕಟಗೊಂಡ ಏನ ಮಾಡ್ಲಿ. ಎಷ್ಟ ಮೇಯ್ತೇತಿ ಅದನ್ನ ಹೇಳು’ ಎಂದರು ಸಾಹುಕಾರರು.

‘ಮೇಯೂದು ಮೇಯ್ತೇತ್ರಿ, ಸುಳ್ಳ ಯಾಕ ಹೇಳ್ಲಿ’ ಎಂದ ಕಾಕಾ. ‘ಎಳಿಯೂದೂ ಹಂಗ ಎಳೀತೇತಿ.’

‘ನಮ್ಮ ಅಳ್ಯಾನ್ನ ಕೊಡೂ ಮುಂದೂ ಹಿಂಗ ಹೇಳಿದ್ರಪಾ. ಮೇಯೂದ ಅಷ್ಟ ಖರೆ ಆತು’ ಎಂದರು ಸಾಹುಕಾರರು.

ಒಳಗೆ ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಪಡಸಾಲೆಗೆ ಕೇಳಿತು. ಆಮೇಲೆ ದಲ್ಲಾಳಿ ಹೆಗಲ ಮೇಲಿನ ಟವೆಲು ತೆಗೆದು ಸಾಹುಕಾರರ ಕೈಯ ಮೇಲೆ ಹಾಸಿದ. ಅದರಡಿಯಲ್ಲಿ ಅವರ ಬೆರಳುಗಳನ್ನು ಹಿಡಿದ. ಬಳಿಕ ಕಾಕಾನ ಬೆರಳುಗಳನ್ನು ಹಿಡಿದ. ಹೀಗೆ ಆಚೆ ಈಚೆ ಹಲವು ಸಲವಾಯಿತು. ಬಾಯಿಂದ ಯಾರೂ ಅಂಕಿ ಆಡಲಿಲ್ಲ, ಆಡುವ ಪದ್ಧತಿಯಿಲ್ಲ. ಆದ್ದರಿಂದ ಆ ದಿನ ಕೂಡಿದ ಬೆಲೆ ಎಷ್ಟೆಂಬುದು ನನಗೆ ಗೊತ್ತಿಲ್ಲ. ಲಾರಿಯ ಅರ್ಧ ಪಾಲಿಗೆ ಸಾಕಾಗಿ ಚಿಗವ್ವನ ಕೈಗೂ ಸ್ವಲ್ಪ ಉಳಿಯುವಷ್ಟಿತ್ತು ಎಂಬುದು ಕಾಕಾನ ಮುಖ ನೋಡಿ ನಾವು ಮಾಡಿಕೊಂಡ ಊಹೆ. ಎಲೆ ಅಡಕೆಯೊಂದಿಗೆ ಸಾಹುಕಾರರು ಸಂಚಕಾರ ಕೊಟ್ಟರು, ಅಂದರೆ ಮಾತು ಗಟ್ಟಿ ಮಾಡುವ ಮುಂಗಡ. ಕೊಂಡವನು ಹಿಂದೆ ಸರಿದರೆ ಅದು ಮಾರಿದವನಿಗೇ ಉಳಿಯುತ್ತದೆ.

ಗಾಡಿಯನ್ನು ಅಂದೇ ಏಕೆ ಒಯ್ಯಲಿಲ್ಲ ಎಂದು ಈಗಿನವರು ಕೇಳುತ್ತಾರೆ. ಅಂದು ಯಾರೂ ಕೇಳಲಿಲ್ಲ. ಮರುದಿನವೋ ಅದರಾಚೆಯೋ ಪಿತೃಪಕ್ಷ ಹಿಡಿಯುತ್ತಿತ್ತು. ಆ ಹದಿನೈದು ದಿನ ಹೊಸ ವಸ್ತುವನ್ನು ಮನೆಗೆ ತರುವಂತಿಲ್ಲವೆಂದು ಸಾಹುಕಾರರು ಹೇಳಿದರು. ಅದು ಮುಗಿದರೆ ನವರಾತ್ರಿ. ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ ಮುನ್ನ ಅನ್ನ ಕೊಟ್ಟ ಗಾಡಿಯನ್ನು ಹೊರಗೆ ಹಾಕುವುದು ಹೇಗೆಂದು ಕಾಕಾ ಕೇಳಿದ. ಸಾಹುಕಾರರು ಹೌದೆಂದು ತಲೆಯಾಡಿಸಿದರು. ಖಂಡೆ ಪೂಜೆ ಆದರೆ ಮೂರು ವಾರಕ್ಕೆ ದೀಪಾವಳಿಯ ಪಾಡ್ಯ. ಲಕ್ಷ್ಮಿಯನ್ನು ಕೂಡಿಸುವ ಹೊತ್ತಿನಲ್ಲಿ ಕಳಿಸಬಾರದೆಂದು ಈ ಸಲ ಚಿಗವ್ವ ಹೇಳಿ ಕಳಿಸಿದಳು. ಅದಕ್ಕೂ ಅವರು ಒಪ್ಪಿದರು. ಪಾಡ್ಯದಂದು ಪೇಟೆಯವರು ಹೊಸ ವರ್ಷದ ಲೆಕ್ಕ ತೆರೆಯುತ್ತಾರೆ. ಪಾಂಡವ ಪಂಚಮಿಯವರೆಗೆ ಅಂಗಡಿಯಿಂದ ದೊಡ್ಡ ಮೊತ್ತ ಹೊರಗೆ ಬಿಡುವುದಿಲ್ಲವೆಂಬುದು ಸಾಹುಕಾರರ ಮನೆಯ ನಡವಳಿಕೆ. ಅದಕ್ಕೆ ಕಾಕಾ ಒಪ್ಪಿದ. ಒಬ್ಬರ ಪದ್ಧತಿಗೆ ಇನ್ನೊಬ್ಬರು ಮರ್ಯಾದೆ ಕೊಡುತ್ತ ಹೋದರು. ಪಂಚಮಿ ಅಕ್ಟೋಬರಿನ ಕೊನೆಗೆ ಬಿದ್ದಿತು. ಅದಾದ ಮೇಲಿನ ಸೋಮವಾರ ಗಾಡಿ ಒಯ್ಯುವುದೆಂದು ಗೊತ್ತಾಯಿತು.

ನವೆಂಬರ್ ಒಂದರಂದು ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕವಾಯಿತು. ಇದನ್ನು ಹೇಳಲು ಕಾರಣವಿದೆ: ನಮ್ಮ ಮನೆಯಲ್ಲಿ ಕೆಲವರು ಪೆಟ್ರೋಲಿನ ಬೆಲೆ ದಸರೆಗೆ ಏರಿತೆಂದೂ ಕೆಲವರು ದೀಪಾವಳಿಗೆ ಏರಿತೆಂದೂ ಹೇಳುವುದುಂಟು. ಎರಡೂ ಅಲ್ಲ. ಹೆಸರು ಬದಲಾದ ಸಂಭ್ರಮದ ಸುದ್ದಿಗಳೂ ಪೆಟ್ರೋಲಿನ ಸುದ್ದಿಯೂ ನವೆಂಬರಿನ ಅದೇ ಮೊದಲ ದಿನಗಳವು. ಯುದ್ಧದ ನಡುವೆ ಅರಬ್ಬರು ಎಣ್ಣೆಯನ್ನು ತಡೆದು ಬೆಲೆ ಏರಿಸಿದ್ದರು, ಅದರ ಬಿಸಿ ನಮ್ಮಲ್ಲಿಗೆ ಮುಟ್ಟಿದ್ದು ಆಗ. ದೀಪಾವಳಿಯ ರಜೆಗೆ ನಾನು ಊರಿನಲ್ಲಿದ್ದೆ.

ಗಾಡಿ ಕೊಡುವ ಮುನ್ನಾದಿನ ಕಾಕಾ ಅದನ್ನು ತೊಳೆದು ಪೆಟ್ರೋಲು ಪಂಪಿಗೆ ತಂದ. ನಾನು ಪಕ್ಕದಲ್ಲಿ ಕೂತಿದ್ದೆ. ಎಷ್ಟೋ ವರ್ಷಗಳಿಂದ ಕಾಕಾನನ್ನು ಬಲ್ಲ ಪಂಪಿನವನು ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ.

‘ಮಾಮಾ, ರೇಟ ಏರೇತಿ. ರೇಡಿಯೋದಾಗ ಕೇಳಿಲ್ಲೇನು?’

‘ಏರತೇತಿ ಇಳೀತೇತಿ. ಹಾಕು.’

‘ಹಂಗ ಏರಿಲ್ಲ ಈ ಸಲ. ನೋಡಿಲ್ಲೆ.’ ಅವನು ಸೀಮೆಸುಣ್ಣದಲ್ಲಿ ಬರೆದ ಹಲಗೆಯ ಕಡೆ ಕೈ ಮಾಡಿದ. ಕಾಕಾ ಸ್ವಲ್ಪ ಹೊತ್ತು ಅದನ್ನು ನೋಡಿದ.

‘ತುಂಬ ಹಾಕು’ ಎಂದ.

‘ಯಾರ ಮದಿವಿ ಐತೇನು?’

‘ನಾಳಿ ಕಳಸೂದೈತಿ. ಹಸದ ಹೊಟ್ಟೀಲೆ ಕಳಸಬಾರ್ದು.’

ಎತ್ತನ್ನು ಮಾರಿದವನು ಹಗ್ಗ ಕೊಡುವ ಮುನ್ನ ಹೊಟ್ಟೆ ತುಂಬ ಮೇಯಿಸುತ್ತಾನೆ. ಹಸಿದ ಎತ್ತನ್ನು ಕೊಟ್ಟ ಮನೆಗೆ ಒಳ್ಳೆಯದಾಗುವುದಿಲ್ಲವೆಂಬ ನಂಬಿಕೆ. ಟ್ಯಾಂಕು ತುಂಬಲು ಬಹಳ ಹೊತ್ತು ಹಿಡಿಯಿತು. 

ಸೋಮವಾರ ಸಾಹುಕಾರರು ಬಸ್ಸಿನಲ್ಲಿ ಬಂದರು. ಜೊತೆಗೆ ಚಾಲಕ ಇರಲಿಲ್ಲ. ಅದನ್ನು ಕಂಡೊಡನೆ ನಮಗೆಲ್ಲ ತಿಳಿಯಿತೆಂದು ಕಾಣುತ್ತದೆ. ಚಿಗವ್ವ ಚಹಾದ ಪಾತ್ರೆಯನ್ನು ಒಲೆಯಿಂದ ಇಳಿಸಿಬಿಟ್ಟಳು. ಅವರು ಜಮಖಾನೆಯ ಅಂಚಿನಲ್ಲಿ ಕೂತು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

‘ನಾ ಮಾತ ತಪ್ಪೂ ಮನಷ್ಯಾ ಅಲ್ಲ, ಅದ ನಿನಗೂ ಗೊತ್ತೈತಿ’ ಎಂದರು. ‘ಖರೆ, ಇದನ್ನ ಒಯ್ದು ಕಟ್ಟಿ ಹಾಕಿ ನೋಡಕೋತ ಕುಂದ್ರೂದಾಕ್ಕೇತಿ. ಸಾಂಗ್ಲಿಗೆ ಒಮ್ಮೆ ಹೋಗಿ ಬಂದ್ರ ಒಂದ ಗಾಡಿ ಬೆಲ್ಲದ ಫಾಯದೇ ಇದರ ಹೊಟ್ಟಿಗೆ ಹೋಕ್ಕೇತಿ. ಸಂಚಕಾರ ನಿನ್ನ ಕಡೇನ ಇರ್ಲಿ.’

ಕಾಕಾ ಒಳಗೆ ಹೋಗಿ ಸಂಚಕಾರದ ಹಣ ತಂದು ಅವರ ಮುಂದಿಟ್ಟ.

‘ಯುದ್ಧ ನೀವೂ ಮಾಡಿಲ್ಲ, ನಾನೂ ಮಾಡಿಲ್ಲ. ಒಯ್ರಿ.’

‘ಪದ್ಧತಿ ಹಂಗಿಲ್ಲೋ.’

‘ಒಯ್ಯಲಾರದ ಗಾಡೀ ಸಂಚಕಾರ ನನಗ ದಕ್ಕೂದಿಲ್ರಿ.’

ಸಾಹುಕಾರರು ಬಹಳ ಹೊತ್ತು ಆ ಹಣವನ್ನು ಮುಟ್ಟಲಿಲ್ಲ. ಆಮೇಲೆ ತೆಗೆದುಕೊಂಡರು. ‘ಇದನ್ನ ನಾ ಮರಿಯೂದಿಲ್ಲ’ ಎಂದರು. ಅವರನ್ನು ಬಸ್ ನಿಲ್ದಾಣದವರೆಗೆ ಕಾಕಾ ದೊಡ್ಡ ಗಾಡಿಯಲ್ಲಿಯೇ ಬಿಟ್ಟು ಬಂದ.

ನಮ್ಮ ಮನೆಯ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಪಿತೃಪಕ್ಷ, ಖಂಡೆ ಪೂಜೆ, ಪಾಡ್ಯ, ಪಂಚಮಿ ಎಂದು ಕೂತದ್ದರಿಂದ ಹಾಳಾಯಿತು. ನಾಲ್ಕು ದಿನ ಮೊದಲು ಕೊಟ್ಟಿದ್ದರೆ ಉಳಿಯುತ್ತಿತ್ತು ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ತಿಥಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಪೂರ್ಣ ಸತ್ಯವೂ ಅಲ್ಲ. ಏಕೆಂದರೆ ಅದೇ ನವೆಂಬರಿನಲ್ಲಿ, ತುಳಸಿ ಲಗ್ನಕ್ಕೂ ಮೊದಲು, ಬೀಳಗಿಯಿಂದ ಇನ್ನೊಬ್ಬರು ಬಂದಿದ್ದರು. ಇದನ್ನು ಎಲ್ಲರೂ ಮರೆತಿದ್ದಾರೆ, ಅಥವಾ ಮರೆತಂತೆ ಇದ್ದಾರೆ. ನಾನು ಧಾರವಾಡಕ್ಕೆ ಮರಳುವ ಹಿಂದಿನ ದಿನ ಅದು; ನನ್ನ ಚೀಲ ಪಡಸಾಲೆಯಲ್ಲಿ ಕಟ್ಟಿ ಇಟ್ಟಿತ್ತು.

ಬೀಳಗಿಯವರು ಬಸ್ಸಿಲ್ಲದ ಹಳ್ಳಿಗಳ ನಡುವೆ ಜನರನ್ನು ಸಾಗಿಸುವ ಧಂದೆ ಮಾಡುವವರು. ದೊಡ್ಡ ಗಾಡಿಯಲ್ಲಿ ತುಂಬುವಷ್ಟು ಜನರನ್ನು ತುಂಬಿದರೆ ಹೊಸ ಬೆಲೆಯ ಪೆಟ್ರೋಲಿನಲ್ಲೂ ಹೇಗೋ ನಡೆಯುತ್ತದೆಂದು ಲೆಕ್ಕ ಹಾಕಿ ಬಂದಿದ್ದರು. ಅವರು ಹೇಳಿದ್ದು ಸಾಹುಕಾರರ ಬೆಲೆಗಿಂತ ಬಹಳ ಕಡಿಮೆ. ಆದರೆ ಅರ್ಧಕ್ಕಿಂತ ಹೆಚ್ಚೆಂದು ಕಾಕಾನ ಮಾತಿನಿಂದ ತಿಳಿಯಿತು. ಬನಹಟ್ಟಿಯ ಗೆಳೆಯ ಅಂದು ನಮ್ಮ ಮನೆಯಲ್ಲಿಯೇ ಇದ್ದ. ‘ಅಷ್ಟಾದ್ರೂ ನಡೀತೇತಿ, ತಗೊಂಡು ಬಂದಬಿಡು. ಉಳದದ್ದು ದುಡದು ಸರಿ ಮಾಡೂಣ’ ಎಂದು ಅವನು ಕಾಕಾನಿಗೆ ಕಿವಿಯಲ್ಲಿ ಹೇಳಿದ್ದನ್ನು ನಾವೆಲ್ಲ ಕೇಳಿಸಿಕೊಂಡೆವು. ಅವನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ.

ಕಾಕಾ ಒಪ್ಪಲಿಲ್ಲ.

ಬಂದವರು ಹೋದ ಮೇಲೆ ಊಟಕ್ಕೆ ಕೂತಾಗ ಅಪ್ಪ ಕೇಳಿದ: ‘ಯಾಕ ಬ್ಯಾಡಂದಿ?’

‘ಅಣ್ಣಾ, ಹ್ವಾದ ವರ್ಷ ಎತ್ತ ಮಾರಿದವ್ರನ್ನ ನೀನೂ ನೋಡೀಯಲ್ಲ.’

ಈ ಒಂದು ಮಾತಿನಲ್ಲಿ ಅವನ ಎಲ್ಲ ತರ್ಕವೂ ಇತ್ತು. ೧೯೭೨ರಲ್ಲಿ ಮಳೆ ಕೈಕೊಟ್ಟಿತ್ತು. ಮೇವಿನ ಬೆಲೆ ಏರಿ, ಮುಧೋಳದ ಸಂತೆಯಲ್ಲಿ ಎತ್ತುಗಳ ಬೆಲೆ ನೆಲಕ್ಕಿಳಿದಿತ್ತು. ದೊಡ್ಡ ಎತ್ತಿನ ಬೆಲೆಯೇ ಹೆಚ್ಚು ಇಳಿದದ್ದು, ಅದು ಹೆಚ್ಚು ಮೇಯುವುದರಿಂದ. ಅವಸರಪಟ್ಟು ಕೊಟ್ಟವರು ಮರುವರ್ಷ ಮಳೆ ಬಿದ್ದು ಹೊಲದಲ್ಲಿ ಹುಲ್ಲು ಕಂಡಾಗ ಅಂಥದೇ ಜೋಡಿಯನ್ನು ಕೊಳ್ಳಲಾರದೆ ಕೈ ಹಿಸುಕಿಕೊಂಡರು. ತಡೆದು ಇಟ್ಟುಕೊಂಡವರು ಗೆದ್ದರು. ಇದನ್ನೆಲ್ಲ ಕಾಕಾ ಕಣ್ಣಾರೆ ಕಂಡಿದ್ದ. ಅವನ ದೃಷ್ಟಿಯಲ್ಲಿ ಪೆಟ್ರೋಲು ತುಟ್ಟಿಯಾದದ್ದು ಒಂದು ಬರ; ಬರ ಒಂದು ವರ್ಷ ಇರುತ್ತದೆ, ಎರಡು ವರ್ಷ ಇರುತ್ತದೆ, ಹೋಗುತ್ತದೆ.

‘ಎತ್ತಿನ ಮೇವು ನಮ್ಮ ಹೊಲದಾಗ ಬೆಳೀತೇತಿ’ ಎಂದ ಅಪ್ಪ. ‘ಇದರ ಮೇವು ಎಲ್ಲಿ ಬೆಳೀತೇತೋ?’

‘ಎಲ್ಲೆರ ಬೆಳೀಲಿ. ಬೆಳಿಯೂದ ಹೌದಲ್ಲ.’

‘ಅರಬರ ಹೊಲದಾಗ ಮಳಿ ಆಗೂ ತನಾ ಕಾಯಾಂವೇನು?’

‘ಯುಗಾದಿ ತನಾ ಕಾಯ್ತೇನಿ’ ಎಂದು ಕಾಕಾ ರೊಟ್ಟಿ ಮುರಿದ. ‘ಯುಗಾದಿಗೆ ಮದಿವಿ ಸುರು ಆಕ್ಕಾವು. ಸಣ್ಣ ಗಾಡ್ಯಾಗ ಯಾರ ಬೀಗರು ಹಿಡಿತಾರ?’

 ಚಿಗವ್ವ ಕಾಕಾನ ತಾಟಿಗೆ ಇನ್ನೊಂದು ರೊಟ್ಟಿ ಹಾಕಲು ಬಂದವಳು, ಹಾಕದೆ ಹಾಗೇ ಒಳಗೆ ಹೋದಳು.

ಆ ಚಳಿಗಾಲದಲ್ಲಿ ಕಾಕಾನಂತೆ ಯೋಚಿಸಿದವರು ಜಗತ್ತಿನ ದೊಡ್ಡ ಪೇಟೆಗಳಲ್ಲಿಯೂ ಇದ್ದರೆಂದು ನಾನು ಮುಂದೆ ಓದಿ ತಿಳಿದೆ. ಪೆಟ್ರೋಲಿನ ಬೆಲೆ ಇಳಿಯಲಿಲ್ಲ, ಇನ್ನೂ ಏರಿತು. ಡೀಸೆಲ್ ಆ ಪ್ರಮಾಣದಲ್ಲಿ ಏರಲಿಲ್ಲವಾದ್ದರಿಂದ ಲಾರಿಗಳ ಬೆಲೆ ಇಳಿಯದೆ ನಿಂತಿತು, ಹಳೆಯ ದೊಡ್ಡ ಪೆಟ್ರೋಲು ಗಾಡಿಗಳ ಬೆಲೆ ಕುಸಿಯಿತು. ಎತ್ತಿನ ಪೇಟೆಯಲ್ಲಿ ಇಂಥದು ನಡೆಯುವುದಿಲ್ಲ. ಮೇವು ತುಟ್ಟಿಯಾದರೆ ಎಲ್ಲ ಎತ್ತುಗಳಿಗೂ ತುಟ್ಟಿ. ಒಂದು ಜಾತಿಯ ಎತ್ತು ಮಾತ್ರ ಶಾಶ್ವತವಾಗಿ ಬೇಡವಾಗುವುದಿಲ್ಲ. ಯಾವ ಎಂಟು ಸಿಲಿಂಡರುಗಳನ್ನು ದಲ್ಲಾಳಿ ಹಲ್ಲುಗಳೆಂದು ಹೊಗಳಿದ್ದನೋ, ಯಾವ ಮೂರು ಸಾಲು ಆಸನಗಳಿಗಾಗಿ ನೇಕಾರರು ಮುಹೂರ್ತ ಹೊಂದಿಸಿಕೊಳ್ಳುತ್ತಿದ್ದರೋ, ಅವೇ ಈಗ ದೋಷಗಳಾದವು. ಗಾಡಿಯಲ್ಲಿ ಒಂದು ತಿರುಪು ಸಹ ಸಡಿಲಾಗಿರಲಿಲ್ಲ. ಅದು ನಿಂತಲ್ಲೇ ನಿಂತಿತ್ತು. ಅದರ ಬೆಲೆ ಮಾತ್ರ ಅದನ್ನು ಬಿಟ್ಟು ಹೋಗಿತ್ತು. ಬಹಳ ವರ್ಷಗಳ ಬಳಿಕ, ೧೯೯೦ರ ಕೊಲ್ಲಿಯ ಗಲಭೆಯ ತಿಂಗಳುಗಳಲ್ಲಿ, ಧಾರವಾಡದ ನನ್ನ ನೆರೆಯವರೊಬ್ಬರು ತಮ್ಮ ಪೆಟ್ರೋಲು ಜೀಪನ್ನು ಕೇಳಿದ ಬೆಲೆಗೆ ಕೊಡಬೇಕೋ ಕಾಯಬೇಕೋ ಎಂದು ನನ್ನನ್ನು ಕೇಳಿದರು.  ನಾನು ಕಾಕಾನ ತಾಟನ್ನು ನೆನೆಯುತ್ತ ಕೂತೆ.

ಯುಗಾದಿಯ ಮದುವೆಗಳು ಬಂದವು. ಬೀಗರು ಬಸ್ಸು ಹಿಡಿದರು. ಟ್ರ್ಯಾಕ್ಟರಿನ ಟ್ರೇಲರಿಗೆ ಜಮಖಾನೆ ಹಾಸಿ ಕೂತು ಹೋದ ದಿಬ್ಬಣವನ್ನೂ ನಾನು ಆ ಬೇಸಿಗೆಯಲ್ಲಿ ನೋಡಿದೆ. ಕಾಕಾ ಮೊದಲು ಬಾಡಿಗೆ ಏರಿಸಿದ, ಯಾರೂ ಬರಲಿಲ್ಲ. ಆಮೇಲೆ ಹಳೆಯ ಬಾಡಿಗೆಗೇ ಒಪ್ಪಿಕೊಂಡ. ಹೋಗಿ ಬಂದರೆ ಕೈಯಿಂದ ಹಾಕಿಕೊಂಡಂತಾಗುತ್ತಿತ್ತು. ತುಬಚಿಯ ಕುರಿಗಾರರು ಮಾತ್ರ ವಾಡಿಕೆಯಂತೆ ಬಂದರು. ದರ ಕೇಳಿ ತಮ್ಮತಮ್ಮಲ್ಲೇ ಮಾತಾಡಿಕೊಂಡು, ಹಿರಿಯನೊಬ್ಬ ಕಾಕಾನ ಹೆಗಲ ಮೇಲೆ ಕೈಯಿಟ್ಟ. ‘ಈ ವರ್ಷ ದೇವರ ನಡಕೋತ ಬಾ ಅಂದಾನ ಬಿಡು’ ಎಂದ. ಕಾಕಾನೂ ನಕ್ಕ, ಅವನೂ ನಕ್ಕ. ಅವರು ಡೊಳ್ಳು ಹೊತ್ತು ನಡೆದು ಹೋದರು.

ಬನಹಟ್ಟಿಯ ಗೆಳೆಯ ಯುಗಾದಿಯವರೆಗೆ ಕಾದ. ಬಳಿಕ ಒಂದು ಮುಂಜಾನೆ ಬಂದು, ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದ: ‘ರಬಕವ್ಯಾಂವ ಒಬ್ಬ ಪಾಲಿಗೆ ಬರ್ತೇನಿ ಅನ್ನಾಕತ್ತಾನ. ನಾ ಏನ ಹೇಳ್ಲಿ ಅಂವಗ?’ ಅವನ ದನಿ ಅಂದು ಮಾತ್ರ ಮೆಲ್ಲಗಿತ್ತು. ಕಾಕಾ ಅವನನ್ನು ತಡೆಯಲಿಲ್ಲ. ‘ಹೂಂ ಅನ್ನು’ ಎಂದ. ‘ಲಾರಿ ಕಾಯಬಾರ್ದು, ನಿಂತಲ್ಲೆ ಟಾಯರ್ ಕುಂದ್ರತಾವು.’ ಲಾರಿಯ ಅರ್ಧ ಪಾಲು ಹೀಗೆ ಹೋಯಿತು. ಇದನ್ನೆಲ್ಲ ಅಪ್ಪ ಧಾರವಾಡಕ್ಕೆ ಬಂದಾಗ ನನಗೆ ಹೇಳಿದ. 

ಮುಂದೆ ಬಂದವರೆಲ್ಲ ಗಾಡಿಯನ್ನು ಗಾಡಿಯೆಂದು ಕೇಳಲಿಲ್ಲ. ತೇರದಾಳದಿಂದ ಬಂದವನಿಗೆ ಆಸನಗಳಷ್ಟೇ ಬೇಕಿದ್ದವು, ತನ್ನ ಅಂಗಡಿಯ ಮುಂದೆ ಗಿರಾಕಿಗಳು ಕೂಡಲು. ಇನ್ನೊಬ್ಬ ಟಾಯರುಗಳನ್ನು ಎತ್ತಿನ ಗಾಡಿಗೆ ಕೇಳಿದ. ಮತ್ತೊಬ್ಬ ತಕ್ಕಡಿಯ ಮಾತಾಡಿದ, ಕಬ್ಬಿಣದ ತೂಕಕ್ಕೆ. ಅವನನ್ನು ಕಾಕಾ ಬಾಗಿಲಿನಿಂದಲೇ ಕಳಿಸಿದ. ಅಷ್ಟು ಹೊತ್ತಿಗೆ ಗಾಡಿ ಹಿತ್ತಲ ಬೇವಿನ ಮರದ ಕೆಳಗೆ ನಿಂತು ಒಂದು ಮಳೆಗಾಲವನ್ನು ಕಂಡಿತ್ತು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಯಾರದೋ ಮೋಟಾರ್ ಸೈಕಲ್ಲಿಗೆ ಸ್ವಲ್ಪ ಸ್ವಲ್ಪವೇ ಕೊಡುತ್ತ ಬಂದಿದ್ದರು.

೧೯೭೫ರ ಬೇಸಿಗೆಯಲ್ಲಿ ಮಹಾಲಿಂಗಪುರದ ಸಾಹುಕಾರರು ಮತ್ತೆ ಬಂದರು. ನನ್ನ ಮದುವೆ ಆ ವರ್ಷದ್ದೇ ಆದ್ದರಿಂದ ಈ ಇಸವಿಯಲ್ಲಿ ಸಂದೇಹವಿಲ್ಲ. ಅವರು ಮದುವೆಗೆಂದೇ ಬಂದು ಎರಡು ದಿನ ಬಿಟ್ಟು ಪುನಃ ಬಂದರು. ಸಾಂಗಲಿಯಲ್ಲಿ ಹಳೆಯ ಪೆಟ್ರೋಲು ಗಾಡಿಗಳ ಇಂಜಿನು ಕಿತ್ತು ಡೀಸೆಲ್ ಇಂಜಿನು ಕೂಡಿಸಿ ಕೊಡುವ ಮೇಸ್ತ್ರಿಗಳಿದ್ದರು. ಸಾಹುಕಾರರಿಗೆ ಬೇಕಾದದ್ದು ಗಾಡಿಯ ಮೈ ಮಾತ್ರ. ಈ ಸಲ ದಲ್ಲಾಳಿ ಇರಲಿಲ್ಲ, ಟವೆಲು ಹಾಸಲಿಲ್ಲ. ಮುಚ್ಚಿಡುವಂಥದೇನೂ ಉಳಿದಿರದ ಬೆಲೆಯನ್ನು ಸಾಹುಕಾರರು ಎಲ್ಲರೆದುರು ಬಾಯಿಬಿಟ್ಟೇ ಹೇಳಿದರು. ಹೇಳುವಾಗ ಅವರಿಗೇ ಸಂಕೋಚವಾಯಿತು.

‘ಒಂದ ಮಾತ ಐತಿ’ ಎಂದರು. ‘ನೀ ಅವತ್ತ ಸಂಚಕಾರ ತಿರಗಿ ಕೊಟ್ಟಿ. ಅದು ನನ್ನ ಮನಸಿನ್ಯಾಗ ಐತಿ. ಇಂಜಿನ್ ಕುಂಡ್ರಿಸಿದ ಮ್ಯಾಲ ಈ ಗಾಡಿ ಬ್ಯಾರೇದವರ ಕೈಯಾಗ ಕೊಡೂದಿಲ್ಲ. ನೀನ ಬಾ. ತಿಂಗಳಾ ಪಗಾರ ಕೊಡ್ತೇನಿ, ಹಬ್ಬಕ್ಕ ಅರಿವಿ. ಮಗನಂಗ ನೋಡಕೋತೇನಿ.’

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಕಾಕಾ ಅಪ್ಪನ ಕಡೆ ನೋಡಿದ. ಹನ್ನೆರಡು ಹದಿಮೂರು ವರ್ಷಗಳಿಂದ ‘ನೌಕರಿ ನೋಡ್ಕೊ’ ಎನ್ನುತ್ತ ಬಂದಿದ್ದ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

‘ಬರ್ತೇನ್ರಿ’ ಎಂದ ಕಾಕಾ.

ಅವನು ಮಹಾಲಿಂಗಪುರದಲ್ಲಿ ಒಂದು ಕೋಣೆ ಹಿಡಿದ. ವಾರಕ್ಕೊಮ್ಮೆ, ಕೆಲವೊಮ್ಮೆ ಎರಡು ವಾರಕ್ಕೊಮ್ಮೆ, ಬಸ್ಸಿನಲ್ಲಿ ಜಮಖಂಡಿಗೆ ಬರುತ್ತಿದ್ದ. ಸಂಬಳ ತಪ್ಪದೆ ಬರುತ್ತಿತ್ತು; ಮನೆ ಮೊದಲಿಗಿಂತ ಸುಸೂತ್ರವಾಗಿ ನಡೆಯಿತೆಂದು ಹೇಳಬೇಕು. ಚಿಗವ್ವನ ಕೈಗೆ ತಿಂಗಳ ಮೊದಲ ವಾರ ಹಣ ಸೇರುವುದು ಅದೇ ಮೊದಲು. ಬಂಧುಗಳು ಇದನ್ನು ಮೆಚ್ಚಿ ಮಾತಾಡಿದರು. 

ನನ್ನ ಮೊದಲ ಮಗು ಹುಟ್ಟಿದಾಗ ಧಾರವಾಡದ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆಯಲು ನಾನೇ ಮಹಾಲಿಂಗಪುರಕ್ಕೆ ಹೋದೆ. ಮಧ್ಯಾಹ್ನದ ಹೊತ್ತು. ಸಾಹುಕಾರರ ಅಂಗಡಿಯ ಮುಂದೆ ಬೆಲ್ಲದ ಪೆಂಟೆಗಳ ವಾಸನೆ, ನೊಣಗಳು. ಗಾಡಿ ನೆರಳಿನಲ್ಲಿ ನಿಂತಿತ್ತು. ಹೊಸ ಬಣ್ಣ ಕೊಟ್ಟಿದ್ದರು. ಕಾಕಾ ಒಳಗಿನ ಧೂಳು ಕೊಡವುತ್ತಿದ್ದವನು ನನ್ನನ್ನು ಕಂಡು ಹೊರಬಂದ. ಮೈಯಲ್ಲಿ ತೆಳುವಾಗಿದ್ದ. ಇಂಜಿನು ಚಾಲೂ ಮಾಡಿ ತೋರಿಸಿದ. ಮೊದಲು ಆ ಗಾಡಿ ನಿಂತಿದೆಯೋ ಓಡುತ್ತಿದೆಯೋ ತಿಳಿಯುತ್ತಿರಲಿಲ್ಲ. ಈಗ ಹಿಟ್ಟಿನ ಗಿರಣಿಯಂತೆ ಇಡೀ ಮೈ ನಡುಗಿತು.

‘ಸದ್ದ ಮಾಡ್ತೇತಿ’ ಎಂದೆ.

‘ಮಾಡ್ಲಿ. ಮೇಯೂದು ಕಡಿಮಿ ಆಗೇತಿ.’ ಅವನು ಇಂಜಿನು ಆರಿಸಿದ. ‘ಯಾರ ಹಂಗ ಐತೋ ಮಗು?’

‘ನಮ್ಮ ಅಪ್ಪನಂಗ ಐತಿ ಅಂತಾರ. ಕಾಕಾ, ಬರೂ ಗುರುವಾರ ತೊಟ್ಟಲದಾಗ ಹಾಕೂದೈತಿ. ಚಿಗವ್ವನ್ನ ಕರಕೊಂಡು ಎರಡ ದಿನಾ ಮೊದಲ ಬಾ.’

ಮೊದಲಿನ ದಿನಗಳಲ್ಲಿ ಇಂಥ ಮಾತಿಗೆ ಅವನ ಉತ್ತರ ನಾನು ಬಾಯಿ ಮುಚ್ಚುವ ಮುನ್ನವೇ ಬರುತ್ತಿತ್ತು. ಈಗ ಅವನು ಕೈಯಲ್ಲಿನ ಬಟ್ಟೆಯನ್ನು ಮಡಿಸಿದ; ಇನ್ನೊಮ್ಮೆ ಮಡಿಸಿದ; ಅಂಗಡಿಯ ಒಳಗೆ ಗಾದಿಯ ಮೇಲೆ ಮಲಗಿದ್ದ ಸಾಹುಕಾರರ ಕಡೆ ಒಂದು ಕ್ಷಣ ನೋಡಿದ.

‘ಕೇಳಿ ಹೇಳ್ತೇನಿ, ತಮ್ಮಾ’ ಎಂದ.

ಗುರುವಾರ ಅವನು ಬಂದ. ಚಿಗವ್ವನೊಂದಿಗೆ ಮುಂಜಾನೆಯ ಬಸ್ಸಿನಲ್ಲಿ ಬಂದು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತು, ಮೊದಲ ಪಂಕ್ತಿಯಲ್ಲಿ ಉಂಡು, ಚಿಗವ್ವನನ್ನು ನಮ್ಮಲ್ಲಿಯೇ ಬಿಟ್ಟು ಎದ್ದುಬಿಟ್ಟ. ಮರುದಿನ ಸಾಹುಕಾರರ ಮನೆಯವರನ್ನು ಸಾಂಗಲಿಗೆ ಒಯ್ಯುವುದಿತ್ತು.